ಮಿಡಿ ಫೈಲಿಂದ ಕ್ಲೀನ್ ಆಡಿಯೋ ತೆಗೆಯೋಕೆ ನಾನು ಪಟ್ಟ ಪಾಡು

ಅಂತೂ ನಿನ್ನೆ ರಾತ್ರಿ ಒಂಬತ್ತನೇ ಫೈಲೂ ಕಳಿಸಿ ಕೈ ತೊಳ್ಕೊಂಡೆ. ಒಟ್ಟು ಒಂಬತ್ತು ಟ್ಯೂನ್, ಎಲ್ಲಾ ಸೇರಿ 31 ನಿಮಿಷ, ಹಿಡಿದಿದ್ದು ಐದು ವಾರ. ಐದು ವಾರ ಕಂಪೋಸ್ ಮಾಡೋಕಲ್ಲ ಮತ್ತೆ, ಕಂಪೋಸ್ ಎಲ್ಲಾ ಎಷ್ಟೋ ವರ್ಷದಿಂದ ಬಿಡುವಾದಾಗ ಕೂತು ಮೌಸಲ್ಲಿ ಒಂದೊಂದೇ ನೋಟ್ ಇಟ್ಟು ಇಟ್ಟು ಮಾಡಿದ್ದು. ಬರೀ ಅದನ್ನ ಇನ್ನೊಬ್ಬರು ಕೇಳೋ ಥರ ಆಡಿಯೋ ಮಾಡೋಕೆ ಐದು ವಾರ. ದುಡ್ಡು ಖರ್ಚು ಮಾಡಬಾರದು ಅಂತ ಹಠ ಬೇರೆ. ನನ್ನ ಥರ ಇನ್ಯಾರಾದ್ರೂ ಇದೇ ದಾರೀಲಿ ಹೊರಟಿದ್ರೆ ಎಲ್ಲೆಲ್ಲಿ ಗುಂಡಿ ಇದೆ ಅಂತ ಗೊತ್ತಿರಲಿ ಅಂತ ನೆನಪಿರೋವಾಗ್ಲೇ ಬರೆದಿಡ್ತಿದೀನಿ.

ಶುರುವಾಗಿದ್ದು ಹೀಗೆ. ಅಣ್ಣನ ಮಗಳು ಒಂದು ಕಿರುಚಿತ್ರ ಮಾಡ್ತಿದ್ಲು. ಹಿನ್ನೆಲೆ ಸಂಗೀತಕ್ಕೆ ಯಾರೂ ಸಿಕ್ಕಿರ್ಲಿಲ್ಲ. "ಚಿಕ್ಕಪ್ಪ, ನೀವು ಕಂಪ್ಯೂಟರಲ್ಲಿ ಏನೋ ಮಾಡ್ತಿರ್ತೀರಲ್ಲ, ಅದನ್ನೇ ಕೊಡಿ" ಅಂದ್ಳು. ನಂಗೋ ಖುಷಿ. ಅವತ್ತೇ ಒಂಬತ್ತೂ ಫೈಲ್ ಮೆಸೇಜಲ್ಲಿ ಕಳಿಸಿಬಿಟ್ಟೆ, ಎಲ್ಲಕ್ಕಿಂತ ದೊಡ್ಡ ಫೈಲೇ 62 ಕೆಬಿ, ಸೊಂಯ್ ಅಂತ ಹೋಯ್ತು. ಐದು ನಿಮಿಷ ಬಿಟ್ಟು ಉತ್ತರ ಬಂತು: "ಯಾವುದೂ ಓಪನ್ನೇ ಆಗ್ತಿಲ್ಲ." ಅವಳ ಫ್ರೆಂಡ್ ಒಬ್ಬ ಲ್ಯಾಪ್‌ಟಾಪಲ್ಲಿ ಓಪನ್ ಮಾಡಿದಾನೆ, ಆಮೇಲೆ ಇನ್ನೊಂದು ಮೆಸೇಜ್: "ಚಿಕ್ಕಪ್ಪ ಬೇಜಾರ್ ಮಾಡ್ಕೋಬೇಡಿ, ಇದು ಹಳೇ ಮೊಬೈಲ್ ರಿಂಗ್‌ಟೋನ್ ಥರ ಕೇಳ್ಸ್ತಿದೆ."

ಬೇಜಾರಾಯ್ತು. ನನ್ನ ಮನೇಲಿ ಚೆನ್ನಾಗೇ ಕೇಳಿಸ್ತಿತ್ತಲ್ಲ!

ಆಗ ಕೂತು ಓದ್ದೆ. ಇಷ್ಟು ವರ್ಷ ಮಿಡಿ ಬಳಸಿದೀನಿ, ಅದರೊಳಗೆ ಏನಿದೆ ಅಂತ ಸರಿಯಾಗಿ ತಿಳ್ಕೊಂಡೇ ಇರಲಿಲ್ಲ. ಮಿಡಿ ಫೈಲಲ್ಲಿ ಶಬ್ದವೇ ಇಲ್ಲ. ಯಾವ ಸ್ವರ, ಯಾವಾಗ ಒತ್ಬೇಕು, ಯಾವಾಗ ಬಿಡ್ಬೇಕು, ಎಷ್ಟು ಜೋರಾಗಿ ಒತ್ಬೇಕು, ಇಷ್ಟೇ ಇರೋದು. ನಾಟಕದ ಸ್ಕ್ರಿಪ್ಟ್ ಇದ್ದಂಗೆ, ಆಡೋ ನಟರು ಅವರವರ ಮನೇಲಿರೋರು. ನನ್ನ ಕಂಪ್ಯೂಟರಲ್ಲಿ ಒಳ್ಳೆ ನಟರಿದ್ರು, ಆ ಹುಡುಗನ ಕಂಪ್ಯೂಟರಲ್ಲಿ ಬೇರೆ ನಟರು. 1983ರಲ್ಲಿ ಬೇರೆ ಬೇರೆ ಕಂಪನಿ ಕೀಬೋರ್ಡ್‌ಗಳು ಒಂದಕ್ಕೊಂದು ಮಾತಾಡ್ಲಿ ಅಂತ ಮಾಡಿದ ಭಾಷೆ ಇದು. 16 ಚಾನೆಲ್, ಜೋರು ಅನ್ನೋದಕ್ಕೆ 0ಯಿಂದ 127ರವರೆಗೆ ಒಂದು ನಂಬರ್, ಅದನ್ನ ವೆಲಾಸಿಟಿ ಅಂತಾರೆ. ಆಮೇಲೆ 1991ರಲ್ಲಿ ಜನರಲ್ ಮಿಡಿ ಅಂತ ಬಂದು 128 ವಾದ್ಯಗಳ ಪಟ್ಟಿ ಮಾಡಿ 1ನೇ ನಂಬರ್ ಅಂದ್ರೆ ಪಿಯಾನೋ, 10ನೇ ಚಾನೆಲ್ ಅಂದ್ರೆ ಡ್ರಮ್ಸ್ ಅಂತೆಲ್ಲ ಗೊತ್ತು ಮಾಡಿದ್ರು. ಪಿಯಾನೋ ಅಂತ ಹೇಳ್ತಾರೆ ಅಷ್ಟೇ, ಎಂಥಾ ಪಿಯಾನೋ ಅಂತ ಯಾರೂ ಹೇಳಲ್ಲ.

ಅಂದ್ರೆ ನನ್ನ ಕಂಪ್ಯೂಟರಲ್ಲಿ ಕೇಳೋ ಶಬ್ದಾನ ಹಾಗೇ ಹಿಡಿದು ಕೊಡಬೇಕು. ಸರಿ, ಹಿಡಿಯೋದೇನು ಮಹಾ ಅಂತ ಸ್ಪೀಕರ್ ಮುಂದೆ ಫೋನ್ ಇಟ್ಟು ರೆಕಾರ್ಡ್ ಮಾಡ್ದೆ. ನಗಬೇಡಿ, ಎಲ್ಲರೂ ಒಂದ್ಸಲ ಮಾಡಿರ್ತೀರ. "ಫ್ಯಾನ್ ಸೌಂಡ್ ಕೇಳ್ತಿದೆ ಚಿಕ್ಕಪ್ಪ" ಅಂತ ಬಂತು. ಫ್ಯಾನ್ ಆಫ್ ಮಾಡಿ ಬೆವರು ಸುರಿಸ್ಕೊಂಡು ಮತ್ತೆ ಮಾಡ್ದೆ. ಈ ಸಲ ಕೋಣೆ ಗುಂಯ್‌ಗುಡೋದು ಕೇಳ್ತಿತ್ತು, ಅದೂ ಅಲ್ದೆ ಫೋನ್ ತಾನೇ ತಾನಾಗಿ ವಾಲ್ಯೂಮ್ ಏರಿಸ್ತಾ ಇಳಿಸ್ತಾ ಇತ್ತು. ಮೆಲ್ಲಗಿರೋ ಜಾಗ ಜೋರಾಗುತ್ತೆ, ಜೋರಾಗಬೇಕಾದ ಕಡೆ ಉಸಿರು ಕಟ್ಟಿದಂಗಾಗುತ್ತೆ. ಫೋನ್ ಇರೋದು ಮಾತು ಹಿಡಿಯೋಕೆ, ಸಂಗೀತದ ಏರಿಳಿತ ಅದಕ್ಕೆ ಬೇಕಾಗಿಲ್ಲ.

ಎರಡನೇ ಪ್ರಯತ್ನ, ವೈರು. ಈ ಇಡೀ ಕೆಲಸದಲ್ಲಿ ನಾನು ಕೈಯಿಂದ ದುಡ್ಡು ಹಾಕಿದ್ದು ಇದೊಂದಕ್ಕೇ, ಅದೂ ದಂಡ. ಎರಡೂ ಕಡೆ ಹೆಡ್‌ಫೋನ್ ಪಿನ್ ಇರೋ ಕೇಬಲ್ ತಂದು, ಒಂದು ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಂದ ಇನ್ನೊಂದು ಹಳೇ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಹಾಕಿ, ಅಡಾಸಿಟಿ ಅನ್ನೋ ಉಚಿತ ರೆಕಾರ್ಡಿಂಗ್ ತಂತ್ರಾಂಶದಲ್ಲಿ ರೆಕಾರ್ಡ್ ಒತ್ತಿದೆ. ಗಾಳೀಲಿ ಬರೋ ಗಲಾಟೆ ಎಲ್ಲಾ ಹೋಯ್ತು, ಬದಲಿಗೆ ಹಿಂದೆ ಒಂದೇ ಸಮನೆ "ಮ್‌ಮ್‌ಮ್" ಅಂತ. ಕರೆಂಟಿನ ಹಮ್ ಅದು. ಕೆಲವು ದೇಶದಲ್ಲಿ 50 ಹರ್ಟ್ಜ್, ಕೆಲವು ಕಡೆ 60, ಅದರ ದುಪ್ಪಟ್ಟು ಮುಪ್ಪಟ್ಟುಗಳೂ ಜೊತೆಗೆ ಬರ್ತವೆ. ಎರಡು ಲ್ಯಾಪ್‌ಟಾಪೂ ಚಾರ್ಜರ್‌ಗೆ ಹಾಕಿದ್ದೆ, ಅವೆರಡರ ಅರ್ತಿಂಗ್ ಆ ವೈರಿನ ಮೂಲಕ ಒಂದು ಸುತ್ತು ಹಾಕ್ಕೊಂಡು ಕೂತಿತ್ತು. ಒಂದರ ಚಾರ್ಜರ್ ಕಿತ್ತ ತಕ್ಷಣ ಹಮ್ ಮುಕ್ಕಾಲು ಪಾಲು ಹೋಯ್ತು. ಇದು ತಿಳಿಯೋಕೆ ನಂಗೆ ನಾಲ್ಕು ಸಂಜೆ. ಯಾರಿಗಾದ್ರೂ ನಿಜವಾದ ಕೀಬೋರ್ಡಿಂದ ರೆಕಾರ್ಡ್ ಮಾಡೋವಾಗ ಹಮ್ ಬಂದ್ರೆ ಮೊದಲು ಚಾರ್ಜರ್ ಕಿತ್ತು ನೋಡಿ, ಆಮೇಲೆ ಬಾಕಿ ಮಾತು.

ಹಮ್ ಹೋದ್ಮೇಲೆ ಕಂಡಿದ್ದು ಎಡ ಬಲ ಎರಡೂ ಒಂದೇ ಆಗಿರೋದು. ಎಡಕ್ಕೆ ಗಿಟಾರ್, ಬಲಕ್ಕೆ ಕೊಳಲು ಅಂತ ನಾನು ಜೋಡಿಸಿಟ್ಟಿದ್ದೆ, ಎಲ್ಲಾ ಬಂದು ನಡುಮಧ್ಯೆ ಗುಂಪು ಕಟ್ಕೊಂಡು ನಿಂತಿದೆ. ಲ್ಯಾಪ್‌ಟಾಪಿನ ಮೈಕ್ ಇನ್‌ಪುಟ್ ಸಾಮಾನ್ಯವಾಗಿ ಮೋನೋ. ಮೈಕ್‌ನಿಂದ ಬರೋ ಸಣ್ಣ ಸಿಗ್ನಲ್‌ಗೆ ಅಂತ ಮಾಡಿದ್ದು ಅದು, ಹೆಡ್‌ಫೋನ್ ಔಟ್‌ಪುಟ್ ಅದಕ್ಕೆ ಸೇರಿಸಿದ್ರೆ ಸ್ವಲ್ಪ ಜೋರಾದ್ರೂ ಸಿಡಿಯುತ್ತೆ. ಲೈನ್ ಇನ್ ಅಂತ ಬೇರೆ ತೂತಿರೋ ಯಂತ್ರ ಇದ್ರೆ ಮಾತ್ರ ಈ ದಾರಿ ಹಿಡೀರಿ. ಕೇಬಲ್ ಈಗ ಡ್ರಾಯರಲ್ಲಿದೆ.

ಮೂರನೇದು, ಹೊರಗಡೆ ವೈರೇ ಇಲ್ಲದೆ ಕಂಪ್ಯೂಟರ್ ಒಳಗೇ ಹೋಗ್ತಿರೋ ಶಬ್ದಾನ ಹಿಡಿಯೋದು. ವಿಂಡೋಸಲ್ಲಿ ಅಡಾಸಿಟಿ ಓಪನ್ ಮಾಡಿ ಆಡಿಯೋ ಹೋಸ್ಟ್ ಅನ್ನೋ ಕಡೆ ವಾಸಾಪಿ (WASAPI) ಆರಿಸ್ಕೊಂಡು, ರೆಕಾರ್ಡಿಂಗ್ ಡಿವೈಸ್ ಪಟ್ಟೀಲಿ ನಿಮ್ಮ ಸ್ಪೀಕರ್ ಹೆಸರಿನ ಮುಂದೆ ಲೂಪ್‌ಬ್ಯಾಕ್ ಅಂತಿರೋದನ್ನ ಆರಿಸಿದ್ರೆ ಆಯ್ತು. ಇದು ಗೊತ್ತಾದ ದಿನ ನಾನು ಕುಣಿದಾಡಿದ್ದೆ. ಹಮ್ ಇಲ್ಲ, ಸ್ಟೀರಿಯೋ ಇದೆ, ಬಿಟ್ಟಿ. ಆದ್ರೆ ಒಂದು ತೊಂದರೆ, ಕಂಪ್ಯೂಟರ್ ಮಾಡೋ ಎಲ್ಲಾ ಶಬ್ದಾನೂ ಹಿಡಿಯುತ್ತೆ. ಆರು ನಿಮಿಷದ ಟ್ಯೂನು, ಐದು ನಿಮಿಷ ನಲವತ್ತು ಸೆಕೆಂಡಿಗೆ, ಎಲ್ಲಾ ವಾದ್ಯ ನಿಂತು ಕೊಳಲೊಂದೇ ಉಳಿದಿರೋ ಜಾಗದಲ್ಲಿ, "ಟಿಂಗ್". ಯಾವುದೋ ಅಪ್‌ಡೇಟ್ ರೆಡಿ ಇದೆಯಂತೆ. ನೋಟಿಫಿಕೇಶನ್ ಎಲ್ಲಾ ಆಫ್ ಮಾಡಿ ಮತ್ತೆ ಆರು ನಿಮಿಷ ಕೂತೆ, ಕೂರಲೇಬೇಕು, ಯಾಕಂದ್ರೆ ಟ್ಯೂನ್ ಎಷ್ಟುದ್ದವೋ ರೆಕಾರ್ಡಿಂಗೂ ಅಷ್ಟೇ ಉದ್ದ. ಈ ಸಲ ಟಿಂಗ್ ಇಲ್ಲ, ಆದ್ರೆ ವಾದ್ಯ ಜಾಸ್ತಿಯಾದ ಕಡೆ ಸಣ್ಣ ಸಣ್ಣ "ಟಕ್ ಟಕ್". ನನ್ನ ಲ್ಯಾಪ್‌ಟಾಪ್‌ಗೆ ವಯಸ್ಸಾಗಿದೆ, ಒಂದೇ ಸಮಯದಲ್ಲಿ ನುಡಿಸಿ, ರೆಕಾರ್ಡೂ ಮಾಡಿ ಅಂದ್ರೆ ಅದಕ್ಕೆ ಆಗಲ್ಲ, ನಡುನಡುವೆ ಒಂಚೂರು ಶಬ್ದ ತಪ್ಪಿಹೋಗಿ ಅಲ್ಲಿ ಟಕ್ ಅನ್ನುತ್ತೆ.

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಹೇಳ್ಬೇಕು. ಇಷ್ಟೆಲ್ಲಾ ಗಲೀಜು ಒಳಗೆ ಬಿಟ್ಕೊಂಡ ಮೇಲೆ ಅದನ್ನ ತೊಳೆಯೋಕೆ ಕೂತೆ. ನಾಯ್ಸ್ ರಿಡಕ್ಷನ್ ಅಂತ ಇರುತ್ತಲ್ಲ, ಬರೀ ಗಲಾಟೆ ಇರೋ ಒಂದು ತುಂಡು ತೋರ್ಸಿ, ಇದನ್ನ ಎಲ್ಲಾ ಕಡೆಯಿಂದ ಕಳಿ ಅನ್ನೋದು. ವೈರಲ್ಲಿ ತೆಗೆದ ಎರಡು ಟ್ಯೂನಿಗೆ ಹಾಕ್ದೆ. ಮೊದಲು ಸ್ವಲ್ಪ, ಚೆನ್ನಾಗಿದೆ ಅನ್ಸ್ತು, ಇನ್ನೊಂಚೂರು, ಇನ್ನೊಂಚೂರು ಅಂತ ಆಸೆಗೆ ಬಿದ್ದು ಕೊನೆಗೆ ಕೊಳಲಿನ ಸ್ವರ ನೀರೊಳಗಿಂದ ಬಂದಂಗೆ, ಅದರ ಬಾಲದಲ್ಲಿ ಸಣ್ಣ ಹಕ್ಕಿ ಚಿಲಿಪಿಲಿ ಅಂದಂಗೆ ಆಗೋಯ್ತು. ಗಲಾಟೆಯಿರೋ ಜಾಗದಲ್ಲೇ ಸಂಗೀತವೂ ಇರುತ್ತೆ, ಒಂದನ್ನ ಕಿತ್ತರೆ ಇನ್ನೊಂದರ ಚರ್ಮಾನೂ ಬರುತ್ತೆ. ಎರಡು ವಾರ ಹೊಳೇಲಿ ಹುಣಸೆಹಣ್ಣು ತೊಳೆದೆ. ಅವಳು ಬೇರೆ "ಎಡಿಟಿಂಗ್ ಮುಗೀತಾ ಬಂತು, ಯಾವಾಗ ಕೊಡ್ತೀರ" ಅಂತ ಕೇಳ್ತಿದ್ಲು, ನಾನು ಕುಂಟುನೆಪ ಹೇಳ್ಕೊಂಡು ತಿರುಗ್ತಿದ್ದೆ. ಒಂದು ರಾತ್ರಿಯಂತೂ ಆಗಲ್ಲ ಅಂತ ಹೇಳಿಬಿಡೋಣ ಅಂತ ಮೆಸೇಜ್ ಟೈಪ್ ಮಾಡಿ ಅಳಿಸ್ದೆ.

ತಲೆಗೆ ಹೊಳೆದಿದ್ದು ಮಾರನೇ ದಿನ ಬೆಳಿಗ್ಗೆ. ಮಿಡೀಲಿ ಶಬ್ದವೇ ಇಲ್ಲ ಅಂದ್ಮೇಲೆ ಗಲಾಟೆ ಎಲ್ಲಿಂದ ಬಂತು? ಎಲ್ಲಾ ನಾನೇ ತಂದು ಹಾಕಿದ್ದು, ಕೋಣೆಯಿಂದ, ವೈರಿಂದ, ನೋಟಿಫಿಕೇಶನ್ನಿಂದ. ನುಡಿಸಿ ಹಿಡಿಯೋ ಗೊಡವೆಯೇ ಬೇಡ, ಕಂಪ್ಯೂಟರ್ ಲೆಕ್ಕ ಹಾಕಿ ನೇರವಾಗಿ ಫೈಲಿಗೇ ಬರೀಲಿ. ಇದಕ್ಕೆ ರೆಂಡರಿಂಗ್ ಅಂತಾರೆ. ನುರಿತವರಿಗೆ ಇದು ಅಆಇಈ, ನಂಗೆ ಮೂರು ವಾರ ಆದ್ಮೇಲೆ ಸಿಕ್ಕಿದ್ದು. ನೀವು ನೇರ ಇಲ್ಲಿಂದ್ಲೇ ಶುರು ಮಾಡಿ.

ನಾನು ಬಳಸಿದ್ದು ಫ್ಲುಯಿಡ್‌ಸಿಂತ್, ಉಚಿತ, ಓಪನ್ ಸೋರ್ಸ್. ಕಮಾಂಡ್ ಟೈಪ್ ಮಾಡೋ ಥರದ್ದು, ಕಪ್ಪು ಪರದೆ ನೋಡಿ ಹೆದರಬೇಡಿ, ಒಂದೇ ಸಾಲು. ದೊಡ್ಡ ಎಫ್ (-F) ಹಾಕಿ ಹೊರಗೆ ಬರ್ಬೇಕಾದ ಫೈಲ್ ಹೆಸರು, ಆಮೇಲೆ ಸೌಂಡ್‌ಫಾಂಟ್ ಹೆಸರು, ಮಿಡಿ ಫೈಲ್ ಹೆಸರು. ಕಮಾಂಡ್ ಬೇಡ್ವೇ ಬೇಡ ಅನ್ನೋರು ಮ್ಯೂಸ್‌ಸ್ಕೋರ್ ಹಾಕ್ಕೊಳ್ಳಿ, ಅದೂ ಉಚಿತ, ಮಿಡಿ ಓಪನ್ ಮಾಡಿ ಎಕ್ಸ್‌ಪೋರ್ಟ್ ಕೊಟ್ರೆ ವೇವ್, ಫ್ಲ್ಯಾಕ್, ಎಂಪಿ3 ಯಾವುದು ಬೇಕೋ ಅದು ಸಿಗುತ್ತೆ. ಆದ್ರೆ ಅದು ನೊಟೇಶನ್ ಬರೆಯೋ ತಂತ್ರಾಂಶ, ಮಿಡಿ ಓದೋವಾಗ ತಾಳಕ್ಕೆ ಸರಿಹೊಂದಿಸಿ ಬರ್ಕೊಳ್ಳುತ್ತೆ, ನೀವು ಬೇಕಂತಲೇ ಸ್ವಲ್ಪ ಹಿಂದೆಮುಂದೆ ಇಟ್ಟ ನೋಟ್‌ಗಳು ನೆಟ್ಟಗಾಗಿ ನಿಂತುಬಿಡೋ ಸಾಧ್ಯತೆ ಇದೆ. ನಂದು ಒಂದು ಟ್ಯೂನ್ ಹಂಗಾಯ್ತು, ಅದಕ್ಕೇ ಬಿಟ್ಟೆ.

ಸೌಂಡ್‌ಫಾಂಟ್ ಅಂದ್ನಲ್ಲ, ಅದೇ ನಟರ ತಂಡ. ನಿಜವಾದ ವಾದ್ಯ ಒಂದೊಂದು ಸ್ವರ ನುಡಿಸಿ ರೆಕಾರ್ಡ್ ಮಾಡಿ ಒಂದೇ ಫೈಲಲ್ಲಿ ಕಟ್ಟಿಟ್ಟಿರ್ತಾರೆ. ಜನರಲ್‌ಯೂಸರ್ ಜಿಎಸ್ ಅಂತ ಒಂದಿದೆ, ಸುಮಾರು 30 ಎಂಬಿ. ಫ್ಲುಯಿಡ್ ಆರ್3 ಅಂತ ಇನ್ನೊಂದು, ಸುಮಾರು 140 ಎಂಬಿ. ಎರಡೂ ಉಚಿತ, ಎರಡರಲ್ಲೂ 128 ವಾದ್ಯ ಇವೆ. ದೊಡ್ಡದೇ ಒಳ್ಳೇದು ಅಂದ್ಕೊಂಡು ಮೊದಲು ಆರ್3 ಹಾಕ್ದೆ, ಕೇಳಿ ನೋಡಿದ್ರೆ ನನ್ನ ಗಿಟಾರಿಗೆ ಚಿಕ್ಕದೇ ಚೆನ್ನಾಗಿತ್ತು, ತಂತಿ ವಾದ್ಯಗಳ ಗುಂಪಿಗೆ ಆರ್3. ಸೈಜ್ ನೋಡಿ ಮರುಳಾಗಬೇಡಿ. ಇನ್ನೊಂದು ಮಾತು, ಸಿಕ್ಕಸಿಕ್ಕ ಕಡೆಯಿಂದ ಸೌಂಡ್‌ಫಾಂಟ್ ಇಳಿಸಬೇಡಿ. ಕೆಲವನ್ನ ಯಾರದ್ದೋ ದುಬಾರಿ ಕೀಬೋರ್ಡಿಂದ ಕೇಳದೆ ಕಾಪಿ ಮಾಡಿರ್ತಾರೆ. ಅವಳು ಚಿತ್ರಾನ ನಾಲ್ಕು ಕಡೆ ಕಳಿಸೋಳು, ನಾಳೆ ಯಾರಾದ್ರೂ ಕೇಳಿದ್ರೆ ಕೊಡೋಕೆ ಕಾಗದ ಬೇಕಲ್ಲ. ಬಳಸಿದ ಪ್ರತಿಯೊಂದರ ಜೊತೆಗಿರೋ ಲೈಸೆನ್ಸ್ ಫೈಲನ್ನ ಒಂದು ಫೋಲ್ಡರಲ್ಲಿ ಇಟ್ಟು, ಯಾವ ಟ್ಯೂನಿಗೆ ಯಾವುದು, ಯಾವ ದಿನ ಇಳಿಸಿದ್ದು ಅಂತ ಒಂದು ಟೆಕ್ಸ್ಟ್ ಫೈಲಲ್ಲಿ ಬರ್ದಿಟ್ಟೆ. ಹತ್ತು ನಿಮಿಷದ ಕೆಲಸ. ಅವಳ ಜೊತೆ ಸೌಂಡ್ ನೋಡ್ಕೊಳ್ಳೋ ಹುಡುಗ ಮೊದಲು ಕೇಳಿದ್ದೇ ಅದನ್ನ.

ಮೊದಲ ರೆಂಡರ್ ಎಂಟರ್ ಒತ್ತಿ ಎದ್ದು ಹೋಗಿ ಬರೋಣ ಅಂತ ಕುರ್ಚಿ ಹಿಂದೆ ತಳ್ಳಿದೆ, ಮುಗಿದೇ ಹೋಗಿತ್ತು. ನಾಲ್ಕು ನಿಮಿಷದ ಟ್ಯೂನು, ಹತ್ತು ಸೆಕೆಂಡೂ ಆಗಿಲ್ಲ. ಇಲ್ಲಿ ನುಡಿಸೋ ಮಾತೇ ಇಲ್ವಲ್ಲ, ಲೆಕ್ಕ ಅಷ್ಟೇ, ಮುದಿ ಲ್ಯಾಪ್‌ಟಾಪೂ ತನ್ನ ವೇಗದಲ್ಲಿ ಮಾಡ್ಕೊಂಡು ಹೋಗುತ್ತೆ, ಟಕ್ ಟಕ್ ಬರೋ ಪ್ರಶ್ನೆಯೇ ಇಲ್ಲ. ಹೆಡ್‌ಫೋನ್ ಹಾಕ್ಕೊಂಡೆ. ಶುರುವಾಗೋಕೆ ಮುಂಚಿನ ಅರ್ಧ ಸೆಕೆಂಡ್ ನಿಶ್ಶಬ್ದ ಇದ್ಯಲ್ಲ, ಅದು ನಿಜವಾಗ್ಲೂ ನಿಶ್ಶಬ್ದ. ಮೂರು ವಾರದಲ್ಲಿ ಮೊದಲ್ನೇ ಸಲ ಏನೂ ಕೇಳಿಸ್ಲಿಲ್ಲ! ಅಡಾಸಿಟೀಲಿ ಎಷ್ಟು ಝೂಮ್ ಮಾಡಿದ್ರೂ ಗೆರೆ ನೇರ.

ಆಮೇಲೆ ಸಂಗೀತ ಶುರುವಾಯ್ತು, ಅದೂ ಸರಿಯಾಗಿ ಕೇಳಿಸ್ಲಿಲ್ಲ. ಅಷ್ಟು ಮೆಲ್ಲಗೆ. ಫ್ಲುಯಿಡ್‌ಸಿಂತಲ್ಲಿ ಗೇನ್ ಅನ್ನೋದು, ಅಂದ್ರೆ ಒಟ್ಟು ಜೋರು, ತಾನಾಗೇ 0.2 ಇರುತ್ತೆ, ಬೇಕಂತಲೇ ಕಮ್ಮಿ ಇಟ್ಟಿದಾರೆ. ನಾನು ಧೈರ್ಯವಾಗಿ 2 ಮಾಡ್ದೆ. ಈಗ ಜೋರಾದ ಕಡೆಯೆಲ್ಲ ಹರಿದ ಬಟ್ಟೆ ಥರ ಶಬ್ದ, ಅಡಾಸಿಟೀಲಿ ನೋಡಿದ್ರೆ ಅಲೆಗಳ ತಲೆ ಎಲ್ಲಾ ಕತ್ತೀಲಿ ಸವರಿದಂಗೆ ಚಪ್ಪಟೆ. ಇದಕ್ಕೆ ಕ್ಲಿಪ್ಪಿಂಗ್ ಅಂತಾರೆ, 0 ಡೆಸಿಬೆಲ್ ಅನ್ನೋದು ಛಾವಣಿ, ಅದಕ್ಕಿಂತ ಮೇಲಿದ್ದಿದ್ದು ಹೋಯ್ತು ಅಂದ್ರೆ ಹೋಯ್ತು, ಆಮೇಲೆ ವಾಲ್ಯೂಮ್ ಇಳಿಸಿದ್ರೆ ಚಪ್ಪಟೆ ತಲೆ ಹಾಗೇ ಇದ್ದು ಬರೀ ಸಣ್ಣದಾಗುತ್ತೆ. 0.5 ಹತ್ರ ಇಟ್ಕೊಂಡು, 24 ಬಿಟ್‌ನಲ್ಲಿ (ಅಲೆಯ ಒಂದೊಂದು ಅಳತೆ ಎಷ್ಟು ಸೂಕ್ಷ್ಮ ಅನ್ನೋ ಲೆಕ್ಕ) ರೆಂಡರ್ ಮಾಡಿ ಅನ್ನೋದು ನನ್ನ ಸಲಹೆ. ಒಂದೊಂದು ಬಿಟ್‌ಗೆ ಸುಮಾರು 6 ಡೆಸಿಬೆಲ್ ಲೆಕ್ಕ, 16 ಬಿಟ್ ಅಂದ್ರೆ 96, 24 ಅಂದ್ರೆ 144, ಅಷ್ಟು ಜಾಗ ಇರೋವಾಗ ಸ್ವಲ್ಪ ಮೆಲ್ಲಗೆ ಬಂದ್ರೂ ನಷ್ಟ ಇಲ್ಲ, ಆಮೇಲೆ ಏರಿಸ್ಕೋಬಹುದು.

ಇನ್ನೇನು ಮುಗೀತು ಅಂದ್ಕೊಂಡೆ. ಕೊಳಲು ಕೊಳಲಾಗಿರ್ಲಿಲ್ಲ.

ನಾಲ್ಕನೇ ಟ್ಯೂನಲ್ಲಿ ಕೊಳಲೇ ಮುಖ್ಯ. ರೆಂಡರ್ ಆಗಿ ಬಂದಿದ್ದು ಏನೋ ಪೀಪಿ ಥರ, ತೆಳ್ಳಗೆ, ಉಸಿರೇ ಇಲ್ಲ. ಸೌಂಡ್‌ಫಾಂಟ್ ಸರಿಯಿಲ್ಲ ಅಂತ ಬೈಕೊಂಡು ಇನ್ನೆರಡು ಬದಲಾಯಿಸ್ದೆ, ಎಲ್ಲದ್ರಲ್ಲೂ ಪೀಪಿಯೇ. ಆಮೇಲೆ ಮಿಡಿ ಫೈಲ್ ಬಿಚ್ಚಿ ಪ್ರೋಗ್ರಾಂ ನಂಬರ್ (ಯಾವ ವಾದ್ಯ ಅಂತ ಹೇಳೋ ನಂಬರ್) ನೋಡ್ದೆ, 74. ಜನರಲ್ ಮಿಡಿ ಪಟ್ಟೀಲೂ 74 ಅಂದ್ರೆ ಫ್ಲೂಟ್. ಸರಿಯಾಗೇ ಇದೆಯಲ್ಲ? ಇಲ್ಲ. ಪಟ್ಟಿ ಓದೋ ಮನುಷ್ಯರು 1ರಿಂದ ಎಣಿಸ್ತಾರೆ, ಫೈಲೊಳಗೆ ಎಣಿಕೆ 0ಯಿಂದ. ಫೈಲಲ್ಲಿ 74 ಅಂತ ಇದ್ರೆ ಅದು ಪಟ್ಟಿಯ 75ನೇದು, ರೆಕಾರ್ಡರ್ ಅನ್ನೋ ಮರದ ಪೀಪಿ. ಮತ್ತೆ ಇಷ್ಟು ದಿನ ಮನೇಲಿ ಹೆಂಗೆ ಕೊಳಲು ಕೇಳಿಸ್ತಿತ್ತು ಅಂದ್ರೆ, ನಾನು ಕಂಪೋಸ್ ಮಾಡೋ ತಂತ್ರಾಂಶದಲ್ಲಿ ವಾದ್ಯ ಕೈಯಾರೆ ಬೇರೆ ಕಡೆ ಆರಿಸಿಟ್ಟಿದ್ದೆ, ಫೈಲೊಳಗೆ ಯಾವತ್ತೋ ನಾನೇ ಟೈಪ್ ಮಾಡಿದ 74 ಹಾಗೇ ಕೂತಿತ್ತು. 73 ಮಾಡ್ದೆ, ಕೊಳಲು ಬಂತು. ನಿಮ್ಮ ವಾದ್ಯ ಪಕ್ಕದ್ಮನೆ ವಾದ್ಯ ಆಗಿ ಬಂದ್ರೆ ಮೊದಲು ಈ ಒಂದು ನಂಬರ್ ವ್ಯತ್ಯಾಸ ನೋಡಿ.

ಆಮೇಲೆ ಬಾಲ. ಕೊನೇ ಸ್ವರ ನಿಧಾನಕ್ಕೆ ಕರಗೋ ಬದಲು ಬಾಗಿಲು ಹಾಕಿದಂಗೆ ಪಟ್ ಅಂತ ನಿಂತುಹೋಗೋದು. ಫೈಲಲ್ಲಿ ಮುಕ್ತಾಯ ಅಂತ ಬಂದ ತಕ್ಷಣ ರೆಂಡರೂ ನಿಲ್ಸುತ್ತೆ, ಅನುರಣನ ಇನ್ನೂ ಉಳಿದಿದ್ಯಾ ಅಂತ ಕಾಯಲ್ಲ. ಕೊನೇಲಿ ಎರಡು ಖಾಲಿ ಬಾರ್ (ತಾಳದ ಸುತ್ತು) ಸೇರಿಸ್ದೆ, ಎಕ್ಸ್‌ಪೋರ್ಟ್ ಆಗೋವಾಗ ಖಾಲಿ ಅಂತ ಕತ್ತರಿಸ್ಬಿಡ್ತು. ಕೊನೆಗೆ ಕೆಲಸ ಮಾಡಿದ ಉಪಾಯ: ಎರಡು ಬಾರ್ ಆದ್ಮೇಲೆ ವೆಲಾಸಿಟಿ 1 ಇರೋ ಒಂದು ನೋಟ್ ಇಡೋದು, ಕಿವಿಗೆ ಕೇಳಲ್ಲ, ಆದ್ರೆ ಫೈಲ್ ಅಲ್ಲೀತನಕ ಜೀವಂತ ಇರುತ್ತೆ. ಜಾಣತನ ಮಾಡಿ 0 ಇಡಬೇಡಿ, ಮಿಡೀಲಿ ವೆಲಾಸಿಟಿ 0 ಅಂದ್ರೆ ಕೀ ಬಿಟ್ಟೆ ಅಂತ ಅರ್ಥ. ಇಟ್ಟು ನೋಡಿಯೇ ಹೇಳ್ತಿದೀನಿ.

ಇಷ್ಟಾಗಿ ಮೂರು ಟ್ಯೂನ್ ಕಳಿಸ್ದೆ. "ಕ್ಲೀನಾಗಿದೆ, ಸಖತ್ ಕ್ಲೀನಾಗಿದೆ, ಆದ್ರೆ ಯಾರೂ ನುಡಿಸ್ತಿಲ್ಲ ಅನ್ಸುತ್ತೆ" ಅಂದ್ಳು. ಬೈದಿದ್ರೂ ಇಷ್ಟು ಚುಚ್ತಿರ್ಲಿಲ್ಲ. ನಿಜ, ಮೌಸಲ್ಲಿ ಇಟ್ಟ ನೋಟ್‌ಗಳು ಎಲ್ಲಾ ವೆಲಾಸಿಟಿ 80, ಸಾಲಾಗಿ ಡ್ರಿಲ್ ಮಾಡೋ ಸಿಪಾಯಿಗಳು. ಒಂದೇ ಸ್ವರ ನಾಲ್ಕು ಸಲ ಬಂದ್ರೆ ನಾಲ್ಕು ಸಲಾನೂ ಅದೇ ರೆಕಾರ್ಡಿಂಗ್ ಅದೇ ಜೋರಲ್ಲಿ, ಟಪ ಟಪ ಟಪ ಟಪ. ಹಿಂದೆ ಹಮ್ಮು, ಫ್ಯಾನು ಇದ್ದಾಗ ಇದು ಗೊತ್ತೇ ಆಗ್ತಿರ್ಲಿಲ್ಲ, ಕ್ಲೀನಾದ್ಮೇಲೆ ಎದ್ದು ಕಾಣ್ತು. ಎಲ್ಲಾ ನೋಟೂ ತಾನಾಗೇ ಅಲ್ಲಾಡಿಸೋ ಹ್ಯೂಮನೈಸ್ ಅನ್ನೋ ಗುಂಡಿ ಇರುತ್ತೆ, ಒತ್ತಿ ನೋಡ್ದೆ, ಅದು ಕುಡಿದವನು ನುಡಿಸಿದಂಗಿತ್ತು. ಕೊನೆಗೆ ಬಾಯಲ್ಲಿ ಗುನುಗ್ತಾ ಎಲ್ಲಿ ಒತ್ತು ಬೀಳುತ್ತೋ ಅಲ್ಲಿ 95, ಅದರ ಹಿಂದಿಂದು 70, ಸಾಲು ಮುಗಿಯೋ ಸ್ವರ 55 ಅಂತ ಕೈಯಲ್ಲೇ ತಿದ್ದಿದೆ. ಒಂದು ಟ್ಯೂನಿಗೆ ಒಂದು ರಾತ್ರಿ. ಐದು ವಾರದಲ್ಲಿ ಸಾರ್ಥಕ ಅನ್ಸಿದ ಕೆಲಸ ಇದೊಂದೇ.

ಪಿಯಾನೋ ಇರೋ ಎರಡು ಟ್ಯೂನಿಗೆ ಮಾತ್ರ ಬೇರೆ ಶಬ್ದ ಹುಡುಕ್ದೆ. ಸಾಲಮ್ಯಾಂಡರ್ ಗ್ರ್ಯಾಂಡ್ ಪಿಯಾನೋ ಅಂತ ಉಚಿತವಾಗಿ ಸಿಗುತ್ತೆ, ಯಮಾಹಾ ಸಿ5 ಪಿಯಾನೋನ ಮೆಲ್ಲಗಿಂದ ಜೋರಿನವರೆಗೆ 16 ಹಂತದಲ್ಲಿ ನುಡಿಸಿ ರೆಕಾರ್ಡ್ ಮಾಡಿರೋದು. ಅಂದ್ರೆ ವೆಲಾಸಿಟಿ ತಿದ್ದಿದ್ದು ಇಲ್ಲಿ ಬರೀ ವಾಲ್ಯೂಮಲ್ಲ, ಮೆಲ್ಲಗೆ ಒತ್ತಿದ್ರೆ ಬಣ್ಣವೇ ಬೇರೆ. ದೊಡ್ಡ ಫೈಲು, ರಾತ್ರಿ ಇಳಿಸೋಕೆ ಹಾಕಿ ಮಲಗಿದೆ, ಬೆಳಿಗ್ಗೆ ಎದ್ದು ನೋಡಿದ್ರೆ ಡಿಸ್ಕ್ ಫುಲ್ ಅಂತ ನಿಂತಿತ್ತು. ಹಮ್ ಇರೋ ಹಳೇ ರೆಕಾರ್ಡಿಂಗ್‌ಗಳನ್ನೆಲ್ಲ ಅಳಿಸ್ದೆ, ಒಂಥರಾ ಸಮಾಧಾನ.

ಎಲ್ಲಾ ವಾದ್ಯ ಒಟ್ಟಿಗೆ ರೆಂಡರ್ ಮಾಡೋದನ್ನೂ ಆಮೇಲೆ ಬಿಟ್ಟೆ. ಫ್ಲುಯಿಡ್‌ಸಿಂತ್ ತಾನಾಗೇ ರಿವರ್ಬ್ (ಅನುರಣನ) ಹಾಕುತ್ತೆ, ಬಾಸ್‌ಗೂ ಡ್ರಮ್ಸ್‌ಗೂ ಅದು ಬಿದ್ದು ತಳ ಎಲ್ಲಾ ಕೆಸರು. ಒಂದೊಂದು ಟ್ರ್ಯಾಕನ್ನೂ ಬೇರೆ ಬೇರೆ ಫೈಲ್ ಮಾಡಿ, ರಿವರ್ಬ್ ಆಫ್ ಮಾಡಿ (ಕಮಾಂಡಲ್ಲಿ ದೊಡ್ಡ ಆರ್ ಮುಂದೆ 0), ಅಡಾಸಿಟೀಲಿ ಒಂದರ ಕೆಳಗೊಂದು ಜೋಡಿಸಿ, ಬೇಕಾದ್ದಕ್ಕೆ ಮಾತ್ರ ರಿವರ್ಬ್ ಕೊಟ್ಟೆ. ಎಲ್ಲಾ ಫೈಲೂ ಸೊನ್ನೆ ಸೆಕೆಂಡಿಂದ್ಲೇ ಶುರುವಾಗೋ ಹಾಗೆ ತೆಗೀರಿ, ಕೊಳಲು ಎರಡನೇ ನಿಮಿಷಕ್ಕೆ ಬರೋದಾದ್ರೂ ಮುಂದಿನ ಖಾಲಿ ಜಾಗ ಕತ್ತರಿಸಬೇಡಿ, ಕತ್ತರಿಸಿದ್ರೆ ಮತ್ತೆ ಜೋಡಿಸೋದು ನರಕ.

ಏಳು ಟ್ಯೂನ್ ಮುಗಿಸಿ ಹೆಮ್ಮೆಯಿಂದ ಕೂತಿದ್ದಾಗ ಸೌಂಡ್ ಹುಡುಗನ ಮೆಸೇಜ್: "ಸರ್, 48 ಬೇಕಿತ್ತು." ನಾನು ಎಲ್ಲಾ 44,100 ಹರ್ಟ್ಜಲ್ಲಿ (ಸೆಕೆಂಡಿಗೆ ಅಷ್ಟು ಸಲ ಅಲೆ ಅಳೆದು ಬರೆಯೋದು) ಮಾಡಿದ್ದೆ, ಅದು ಸಿಡಿಯ ಲೆಕ್ಕ. ವಿಡಿಯೋದವರು ಬಳಸೋದು 48,000. ಎದೆ ಧಸಕ್ ಅಂತು. ಆಮೇಲೆ ನೆನಪಾಯ್ತು, ನಾನೇನು ಮತ್ತೆ ನುಡಿಸಬೇಕಾ? ಕಮಾಂಡಲ್ಲಿ ಒಂದು ನಂಬರ್ ಬದಲಾಯಿಸಿ ಎಲ್ಲಾ ಟ್ರ್ಯಾಕ್ ಮತ್ತೆ ರೆಂಡರ್, ಮಿಕ್ಸ್ ಮತ್ತೆ ಜೋಡಿಸೋದು ಸೇರಿ ಒಂದು ಸಂಜೆ. ಪಿಯಾನೋದವು ಎರಡು ಮಾತ್ರ ಸ್ವಲ್ಪ ಸತಾಯಿಸಿದ್ವು. ಆದ್ರೂ ಕೆಲಸ ಶುರು ಮಾಡೋ ಮುಂಚೆನೇ ಇದನ್ನ ಕೇಳ್ಕೊಳ್ಳಿ, ಯಾರಿಗೆ, ಯಾವುದಕ್ಕೆ, ಎಷ್ಟು ಹರ್ಟ್ಜ್, ಎಷ್ಟು ಬಿಟ್. ಅದೇ ಹುಡುಗ ಇನ್ನೊಂದು ಹೇಳ್ದ, "ಜೋರು ಮಾಡ್ಬೇಡಿ ಸರ್, ಮಾತಿನ ಕೆಳಗೆ ಕೂರಿಸ್ಬೇಕು, ಪೀಕ್ ಮೈನಸ್ 6 ಡೆಸಿಬೆಲ್ ಹತ್ರ ಇದ್ರೆ ಸಾಕು." ಬರೀ ಕೇಳೋಕೆ ಅಂತ ಮಾಡೋರು ಮೈನಸ್ 1ಕ್ಕೆ ನಿಲ್ಸಿ, ಪೂರ್ತಿ 0ಗೆ ತಗೊಂಡು ಹೋಗಿ ಎಂಪಿ3 ಮಾಡಿದ್ರೆ ಆ ಪರಿವರ್ತನೆಯಲ್ಲೇ ಅಲೆ ಸ್ವಲ್ಪ ಮೇಲೆ ಹಾರಿ ಸಿಡಿಯಬಹುದು.

ಕಳಿಸೋದೂ ಒಂದು ಕಥೆ. 24 ಬಿಟ್, 48,000, ಸ್ಟೀರಿಯೋ ಅಂದ್ರೆ ನಿಮಿಷಕ್ಕೆ ಸುಮಾರು 17 ಎಂಬಿ, 31 ನಿಮಿಷಕ್ಕೆ 530 ಎಂಬಿ ಮೀರುತ್ತೆ. 62 ಕೆಬಿ ಕಳಿಸಿದ ಕಾಲ ನೆನಪಾಯ್ತು. ಎಂಪಿ3 ಮಾಡಿದ್ರೆ ಚಿಕ್ಕದಾಗುತ್ತೆ, ಆದ್ರೆ ಶಬ್ದದಲ್ಲಿ ಒಂದಷ್ಟನ್ನ ಎಸೆದೇ ಚಿಕ್ಕದು ಮಾಡೋದು, ಅದೂ ಅಲ್ದೆ ಶುರೂಲಿ ಕೊನೇಲಿ ಒಂಚೂರು ಖಾಲಿ ಜಾಗ ಸೇರಿಸುತ್ತೆ, ಸುತ್ತು ಹಾಕಿ ನುಡಿಸೋ ಟ್ಯೂನಿದ್ರೆ ಪ್ರತಿ ಸುತ್ತಲ್ಲೂ ತೊದಲುತ್ತೆ. ಫ್ಲ್ಯಾಕ್ ಮಾಡ್ದೆ, ಏನೂ ಕಳ್ಕೊಳ್ಳದೆ ಸುಮಾರು 300 ಎಂಬಿಗೆ ಇಳೀತು. ಮೆಸೇಜಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಅಂತ ಕಳಿಸಿ.

ಕೊನೆಗೆ ಉಳಿದಿದ್ದು ಒಂಬತ್ತನೇದು, ವಯಲಿನ್ನಿನ ಜಾರುಗಳಿರೋದು, ಅದೇ ನನ್ನ ಪ್ರೀತಿಯ ಟ್ಯೂನ್. ಒಂದು ಸ್ವರದಿಂದ ಏಳು ಮನೆ (ಪಕ್ಕಪಕ್ಕದ ಎರಡು ಕೀ ನಡುವಿನ ಅಂತರ ಒಂದು ಮನೆ) ಮೇಲಿನ ಸ್ವರಕ್ಕೆ ಜಾರಬೇಕಾದ ಜಾಗದಲ್ಲಿ ಒಂದು ಮನೆ ದಾಟಿ ಒಂಚೂರು ಮುಂದಕ್ಕೇ ನಿಂತು ಅಪಸ್ವರ. ಎರಡು ದಿನ ತಲೆ ಕೆರ್ಕೊಂಡೆ. ಸ್ವರ ಜಾರಿಸೋ ಪಿಚ್ ಬೆಂಡ್ ಅನ್ನೋದು 0ಯಿಂದ 16,383ರವರೆಗಿನ ಒಂದು ನಂಬರ್ ಅಷ್ಟೇ, ನಡುಮಧ್ಯ 8,192. ಪೂರ್ತಿ ಎಳೆದ್ರೆ ಎಷ್ಟು ಮನೆ ಅನ್ನೋದು ಬೇರೆ ಕಡೆ ಹೇಳಿರ್ಬೇಕು, ಹೇಳದಿದ್ರೆ ಎರಡೇ ಮನೆ. ನಾನು ಕಂಪೋಸ್ ಮಾಡಿದ್ದು ಹನ್ನೆರಡು ಮನೆ ಲೆಕ್ಕದಲ್ಲಿ. ಅದನ್ನ ಹೇಳೋ ಸಂದೇಶ ಮೊದಲ ಬಾರಿನ ತುದೀಲಿತ್ತು, ಟ್ರ್ಯಾಕ್ ಬೇರೆ ಮಾಡೋವಾಗ ಏನೋ ಕಸ ಅಂತ ನಾನೇ ಅಳಿಸಿದ್ದೆ. ವಾಪಸ್ ಬರೆಯೋದು ಹೀಗೆ, ಟ್ರ್ಯಾಕಿನ ಶುರೂಲಿ ಕಂಟ್ರೋಲರ್ (ಮಿಡಿಯ ಸೆಟ್ಟಿಂಗ್ ಸಂದೇಶ) 101ಕ್ಕೆ 0, 100ಕ್ಕೆ 0, ಆಮೇಲೆ 6ಕ್ಕೆ 12, ಇದೇ ಕ್ರಮದಲ್ಲಿ. ಬರೆದು, ರೆಂಡರ್ ಮಾಡಿ, ಕಣ್ಣು ಮುಚ್ಕೊಂಡು ಕೇಳ್ದೆ. ಜಾರಿತು, ಸರಿಯಾದ ಮನೇಲೇ ಹೋಗಿ ಕೂತ್ಕೊಳ್ತು.

ರಾತ್ರಿ ಹನ್ನೊಂದೂವರೆಗೆ ಕಳಿಸ್ದೆ. ಅವಳು ಇನ್ನೂ ಕೇಳಿಲ್ಲ, ಒಂದೇ ಟಿಕ್ ಇದೆ.